ಅಪ್‌ಡೇಟ್: ಬೀಫ್ ಶಾರ್ಟ್ ರಿಬ್ಸ್ ಕೊನೆಗೂ ಮೆತ್ತಗಾಯಿತು

ಶಾರ್ಟ್ ರಿಬ್ಸ್ (ಮೂಳೆ ಸಮೇತದ ಪಕ್ಕೆಲುಬಿನ ಮಾಂಸ) ಮೊರಾಕೊ ಶೈಲಿಯಲ್ಲಿ ಪ್ರೂನ್ಸ್ (ಒಣಗಿಸಿದ ಪ್ಲಮ್ ಹಣ್ಣು), ಚಕ್ಕೆ ಹಾಕಿ ಮಾಡಿದರೆ ಹಣ್ಣು ಕರಗಿ ಹೋಗುತ್ತದೆ, ಮಾಂಸ ಮಾತ್ರ ಗಟ್ಟಿ, ಏನು ಮಾಡಲಿ ಅಂತ ಕೇಳಿದ್ದೆ. ‘ಹಣ್ಣು ಕೊನೆಯ ಅರ್ಧ ಗಂಟೆಗೆ ಹಾಕಿ, ಮಾಂಸಕ್ಕೆ ಟೈಮ್ ಕೊಡಿ’ ಅಂದವರಿಗೆ ತುಂಬಾ ಥ್ಯಾಂಕ್ಸ್. ಅದೇ ಕೈಹಿಡಿಯಿತು!

ಈರುಳ್ಳಿ, ಶುಂಠಿ, ಚಕ್ಕೆ, ಕೇಸರಿ ಹಾಕಿ, ಮುಚ್ಚಳ ಮುಚ್ಚಿ, ಓವನ್‌ನಲ್ಲಿ 160 ಡಿಗ್ರಿಯಲ್ಲಿ 3 ಗಂಟೆ ಬೇಯಿಸಿದೆ. ಮೂಳೆ ಹಿಡಿದು ಎಳೆದರೆ ಮಾಂಸ ಬಿಟ್ಟು ಸಲೀಸಾಗಿ ಬಂತು. ಪ್ರೂನ್ಸ್ ಉಬ್ಬಿಕೊಂಡು ಇಡಿಯಾಗೇ ಇದ್ದವು.

ಮಾಂಸ ಮೆತ್ತಗಾಗಲು ಪರಂಗಿಕಾಯಿ ಸವರುವ ಸಲಹೆ ಇದಕ್ಕೆ ಆಗಲಿಲ್ಲ. ಮೇಲ್ಪದರ ಪಿಚಿಪಿಚಿ, ಒಳಗೆ ಹಾಗೇ ಗಟ್ಟಿ. ಕುಕ್ಕರ್‌ನಲ್ಲಿ ಬೇಗ ಬೆಂದಿತು, ಆದರೆ ರಸ ನೀರು ನೀರು.

ಗೊತ್ತಿಲ್ಲದ ಒಂದು ವಿಷಯ: ರಾತ್ರಿ ಫ್ರಿಜ್‌ನಲ್ಲಿಟ್ಟರೆ ಕೊಬ್ಬೆಲ್ಲ ಮೇಲೆ ಹೆಪ್ಪುಗಟ್ಟುತ್ತದೆ, ಚಮಚದಲ್ಲಿ ಎತ್ತಿಬಿಡಬಹುದು. ಮರುದಿನ ರುಚಿಯೂ ಜಾಸ್ತಿ. ಹುರಿದ ಬಾದಾಮಿ, ಎಳ್ಳು ಉದುರಿಸಿ ಬ್ರೆಡ್ ಜೊತೆ ತಿನ್ನಿ.