ಮಗನ ಕೈಗೆ ಕೀ, ಅಪ್ಪನ ಎದೆಯಲ್ಲಿ ಢವಢವ

ಮೈಸೂರಿನ ಬನ್ನಿಮಂಟಪದ ಕಡೆ ಒಂದು ಟಿಂಕರಿಂಗ್ ಶೆಡ್ಡು. ಯಾವುದೋ ಹಳೇ ಅಂಬಾಸಿಡರ್ ಕಾರಿನ ಹಿಂದಿನ ಸೀಟೇ ಅಲ್ಲಿ ಬೆಂಚು. ಕೂತವರು ಮೂವರು. ನಾಗರಾಜು: ಮಗನಿಗೆ ಹದಿನೆಂಟು ತುಂಬಿದ ಖುಷಿಗಿಂತ ಅದರ ಖರ್ಚಿನ ಚಿಂತೆಯೇ ಹೆಚ್ಚು. ವಿಜಯಕ್ಕ: ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವರು. ರಾಯರು: ನಿವೃತ್ತ ಸರ್ವೇಯರು, ಜಮೀನು ಅಳೆಯುವ ಬಾಬತ್ತಲ್ಲ, ಜಜ್ಜಿದ ಕಾರು ನೋಡುವ ಬಾಬತ್ತು. ನಾಲ್ಕನೆಯವನು ಶೆಡ್ಡಿನ ಬಷೀರಣ್ಣ. ಫೆಂಡರ್ ಮೇಲೆ ಸುತ್ತಿಗೆ ಆಡಿಸುತ್ತಲೇ ಮಾತಿಗೆ ಸೇರುತ್ತಾನೆ.

ನಾಗರಾಜು: ರಾಯರೇ, ಹುಡುಗನಿಗೆ ಎಲ್‌ಎಲ್‌ಆರ್ ಬಂತು. ಇನ್ಶೂರೆನ್ಸ್‌ನೋರು ಇನ್ನೆಷ್ಟು ಕಕ್ಕಿಸ್ತಾರೋ! ಅಮೆರಿಕದಲ್ಲಿ ಹದಿಹರೆಯದ ಹುಡುಗ್ರನ್ನ ಪಾಲಿಸಿಗೆ ಸೇರಿಸಿದ್ರೆ ಪ್ರೀಮಿಯಂ ಮುಗಿಲು ಮುಟ್ಟುತ್ತಂತೆ.

ರಾಯರು: ಅಲ್ಲಿ ಲೆಕ್ಕ ಓಡಿಸೋನ ಮೇಲೆ ಕಣಯ್ಯ. ಎಷ್ಟು ವರ್ಷದಿಂದ ಓಡಿಸ್ತಿದಾನೆ, ಎಷ್ಟು ಸಲ ಗುದ್ದಿದಾನೆ, ಎಲ್ಲ ಕೇಳ್ತಾರೆ. ಸ್ಕೂಲಲ್ಲಿ ಒಳ್ಳೇ ಗ್ರೇಡ್ ತಂದ್ರೆ ರಿಯಾಯ್ತಿನೂ ಉಂಟು.

ವಿಜಯಕ್ಕ: ಇಲ್ಲೂ ಮಾರ್ಕ್ಸ್ ನೋಡಿ ಪ್ರೀಮಿಯಂ ಹಾಕಿದ್ರೆ ನಾಗರಾಜು ಮನೆ ಅಡವಿಡಬೇಕಾಗ್ತಿತ್ತು.

ರಾಯರು: ಇಲ್ಲಿ ಲೆಕ್ಕ ಗಾಡಿ ಮೇಲೆ. ಥರ್ಡ್ ಪಾರ್ಟಿ, ಅಂದ್ರೆ ನಮ್ಮ ಗಾಡಿಯಿಂದ ಹೊರಗಿನೋರಿಗೆ ಆಗೋ ನಷ್ಟಕ್ಕೆ ಕಟ್ಟೋದು, ಅದರ ದರವನ್ನ ಸರ್ಕಾರವೇ ಗೊತ್ತು ಮಾಡುತ್ತೆ. 2022ರ ಜೂನ್‌ನಲ್ಲಿ ಗೊತ್ತು ಮಾಡಿದ್ದು ಸಾವಿರ ಸಿಸಿ ಒಳಗಿನ ಕಾರಿಗೆ 2,094 ರೂಪಾಯಿ, 1,500 ಸಿಸಿವರೆಗೆ 3,416, ಅದಕ್ಕೂ ಮೇಲೆ 7,897. ಓಡಿಸೋನು ಹದಿನೆಂಟರ ಹುಡುಗನಾದ್ರೂ ಅಷ್ಟೇ, ಎಂಬತ್ತರ ಅಜ್ಜನಾದ್ರೂ ಅಷ್ಟೇ. ಇನ್ನು ಓನ್ ಡ್ಯಾಮೇಜ್ ಅಂತಾರಲ್ಲ, ನಮ್ಮ ಗಾಡಿ ನಷ್ಟಕ್ಕೆ ಕಟ್ಟೋದು, ಅದಕ್ಕೆ ಗಾಡಿ ಬೆಲೆ, ಗಾಡಿ ವಯಸ್ಸು, ಸಿಸಿ, ಯಾವ ಊರಲ್ಲಿ ರಿಜಿಸ್ಟರ್ ಆಗಿದೆ, ಇವೇ ಮುಖ್ಯ.

ನಾಗರಾಜು: ಅಂದ್ರೆ ಮಗನಿಗೆ ಅಂತ ಒಂದು ಪೈಸೆನೂ ಜಾಸ್ತಿ ಇಲ್ವಾ? ಬಷೀರಣ್ಣ, ಕಾಫಿ ಹೇಳು!

ರಾಯರು: ತಡಿ. ದುಡ್ಡು ಕಟ್ಟಿಸಿಕೊಳ್ಳುವಾಗ ಸುಮ್ಮನಿದ್ದೋರು ಕ್ಲೇಮ್ ಅಂದ ಕೂಡ್ಲೇ ಮೊದಲು ಕೇಳೋದೇ ಡಿಎಲ್. ನಿನ್ನದಲ್ಲ, ಸ್ಟೇರಿಂಗ್ ಹಿಡಿದಿದ್ದೋನ್ದು. ಪಾಲಿಸಿಯಲ್ಲಿ ಡ್ರೈವರ್ಸ್ ಕ್ಲಾಜ್ ಅಂತ ಒಂದು ಪ್ಯಾರಾ ಇರುತ್ತೆ. ಅಪಘಾತದ ಹೊತ್ತಿಗೆ ಓಡಿಸ್ತಿದ್ದೋನ ಹತ್ರ ಚಾಲ್ತಿ ಲೈಸೆನ್ಸ್ ಇರಬೇಕು. ಎಲ್‌ಎಲ್‌ಆರ್ ಇದ್ರೂ ನಡೆಯುತ್ತೆ, ಆದ್ರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 3ನೇ ನಿಯಮ ಪಾಲಿಸಿರಬೇಕು.

ವಿಜಯಕ್ಕ: ಏನದು ಮೂರನೇ ನಿಯಮ?

ರಾಯರು: ಪಕ್ಕದಲ್ಲಿ ಕಾರಿನ ಲೈಸೆನ್ಸ್ ಇರೋ ಒಬ್ಬರು ಕೂತಿರಬೇಕು, ಗಾಡಿ ನಿಲ್ಲಿಸೋಕೆ ಕೈಗೆಟುಕೋ ಹಾಗೆ. ಹಿಂದಿನ ಸೀಟಲ್ಲಿ ಕಾಲು ಚಾಚಿಕೊಂಡು 'ಬ್ರೇಕ್ ಹಾಕೋ, ಬ್ರೇಕ್ ಹಾಕೋ' ಅಂತ ಕೂಗೋ ಅಪ್ಪ ಲೆಕ್ಕಕ್ಕಿಲ್ಲ. ಲೈಸೆನ್ಸ್ ಇಲ್ಲದ ಅಮ್ಮ ಪಕ್ಕದಲ್ಲಿ ಕೂತು ರಾಯರ ಸ್ತೋತ್ರ ಹೇಳಿದ್ರೂ ಇಲ್ಲ. ಗಾಡಿ ಹಿಂದೆ ಮುಂದೆ ಎಲ್ ಬೋರ್ಡು: ಬಿಳಿ ಹಲಗೆ, ಕೆಂಪಕ್ಷರ, ಹದಿನೆಂಟು ಸೆಂಟಿಮೀಟರ್ ಚೌಕ, ಅಕ್ಷರ ಹತ್ತು ಸೆಂಟಿಮೀಟರ್ ಎತ್ತರ.

ಬಷೀರಣ್ಣ: ಬಿಂದಿ ಸೈಜಿನ ಸ್ಟಿಕರ್ ಅಂಟಿಸ್ಕೊಂಡು ಬರ್ತಾರೆ ಸಾರ್, ಭೂತಗನ್ನಡಿ ಬೇಕು.

ರಾಯರು: ಇನ್ನೊಂದು ಎಡವಟ್ಟು. 'ಲೈಸೆನ್ಸ್ ಇದೆ ಅಂಕಲ್' ಅಂತ ಕಾರ್ಡು ಚಾಚ್ತಾರೆ, ತಿರುಗಿಸಿ ನೋಡಿದ್ರೆ ಗೇರ್ ಬೈಕಿಂದು ಮಾತ್ರ. ಎಲ್‌ಎಂವಿ ಅನ್ನೋ ಮೂರಕ್ಷರ ಇಲ್ದಿದ್ರೆ ಕಾರಿನ ಮಟ್ಟಿಗೆ ಅದು ಗ್ರಂಥಾಲಯದ ಕಾರ್ಡು. ಎಲ್‌ಎಲ್‌ಆರ್‌ಗೆ ಆರು ತಿಂಗಳ ಆಯಸ್ಸು, ಮೂವತ್ತು ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಆರನೇ ತಿಂಗಳ ಕೊನೇ ವಾರಕ್ಕೆ ಅಂತ ಇಟ್ಕೋಬೇಡ. ಸ್ಲಾಟ್ ಸಿಗದೆ ಅವಧಿ ಮುಗಿದ್ರೆ ಮಧ್ಯೆ ಆದ ಡೆಂಟು ನಿನ್ನ ಜೇಬಿನ ಮೇಲೆ.

ನಾಗರಾಜು: ಚಿಕ್ಕೋನೂ ಕೇಳ್ತಿದಾನೆ ಸ್ವಾಮಿ, ಹದಿನಾರು ಅವನಿಗೆ. ಬರೀ ಹಾಲಿನ ಬೂತ್‌ವರೆಗೆ...

ಸುತ್ತಿಗೆ ನಿಂತಿತು.

ರಾಯರು: ಹಾಲಿಗೆ ನಡ್ಕೊಂಡು ಹೋಗಲಿ, ಮೂಳೆ ಗಟ್ಟಿಯಾಗುತ್ತೆ. 2019ರ ತಿದ್ದುಪಡಿಯಲ್ಲಿ 199ಎ ಅಂತ ಸೆಕ್ಷನ್ ಬಂತು. ಅಪ್ರಾಪ್ತ ತಪ್ಪು ಮಾಡಿದ್ರೆ ಅಪ್ಪ ಇಲ್ಲಾ ಮಾಲೀಕನೇ ತಪ್ಪಿತಸ್ಥ. ಮೂರು ವರ್ಷದವರೆಗೆ ಜೈಲು, ಇಪ್ಪತ್ತೈದು ಸಾವಿರ ದಂಡ, ಗಾಡಿ ರಿಜಿಸ್ಟ್ರೇಷನ್ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ ಇಪ್ಪತ್ತೈದು ತುಂಬೋವರೆಗೂ ಲೈಸೆನ್ಸ್ ಇಲ್ಲ. ನಿನ್ನ ಕಾರಿಗಾದ ನಷ್ಟಕ್ಕೆ ಕಂಪನಿ ಕೈ ಎತ್ತುತ್ತೆ. ಗಾಯಗೊಂಡ ಹೊರಗಿನೋರಿಗೆ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡ್ಕೊಳ್ಳಲಿ ಅಂತ ಕೋರ್ಟು ಹೇಳೋದುಂಟು. ಮಾಲೀಕ ಅಂದ್ರೆ ನೀನು.

ನಾಗರಾಜು: ಹಾಗೇನಾದ್ರೂ ಆದ್ರೆ 'ನಾನೇ ಓಡಿಸ್ತಿದ್ದೆ' ಅಂದ್ಬಿಟ್ರೆ?

ರಾಯರು: ಎಲ್ಲ ಅಪ್ಪಂದಿರಿಗೂ ಹೊಳೆಯೋ ಉಪಾಯ ಅದು. ಸರ್ವೇಯರ್ ಬಂದವನು ಬಂಪರ್ ನೋಡೋಕೆ ಮುಂಚೆ ಸೀಟು ನೋಡ್ತಾನೆ. ಐದಡಿ ಮೂರಂಗುಲದ ಅಪ್ಪ, ಸೀಟು ಮಾತ್ರ ರೈಲಿನ ಕೊನೇ ಹಲ್ಲಿಗೆ ಹಿಂದೆ ಹೋಗಿ ಕೂತಿದೆ. ಕನ್ನಡಿ ನೋಡಿದ್ರೆ ಆರಡಿ ಆಳಿಗೆ ತಿರುಗಿಸಿದೆ. ಆಸ್ಪತ್ರೆ ಚೀಟಿಯಲ್ಲಿ ಹಣೆಗೆ ಹೊಲಿಗೆ ಬಿದ್ದಿದ್ದು ಮಗನಿಗೆ. ಎದುರಂಗಡಿ ಕ್ಯಾಮೆರಾ ಬೇರೆ ಇರುತ್ತೆ. ಸುಳ್ಳು ಒಂದು ಸಿಕ್ಕಿದ್ರೆ ಸರಿ ಇದ್ದ ಕ್ಲೇಮೂ ಮುಳುಗುತ್ತೆ. ಮಗನ ಹತ್ರ ಡಿಎಲ್ ಇದ್ರೆ ಅವನೇ ಓಡಿಸ್ತಿದ್ದ ಅಂತ ಬರೆದ್ರೆ ಏನು ಹೋಯ್ತು? ಕಾರು ಅಪ್ಪನ ಹೆಸರಲ್ಲಿದ್ರೂ ಕ್ಲೇಮ್ ಬರುತ್ತೆ.

ವಿಜಯಕ್ಕ: ಹೊಸದಾಗಿ ಕಲಿಯೋರು ಮೊದಲು ಗುದ್ದೋದು ಮನೆ ಗೇಟಿಗೆ. ಅದಕ್ಕೆ ಏನಾದ್ರೂ ಬರುತ್ತಾ?

ರಾಯರು: ಕಾರಿಗೆ ಬರುತ್ತೆ, ಗೇಟಿಗಿಲ್ಲ. ಥರ್ಡ್ ಪಾರ್ಟಿ ಅಂದ್ರೆ ಮೂರನೆಯೋರು. ನಿನ್ನ ಗೇಟು, ನಿನ್ನ ತುಳಸಿಕಟ್ಟೆ, ಗೇಟಿನ ಪಕ್ಕ ನಿಲ್ಲಿಸಿದ ನಿನ್ನದೇ ಸ್ಕೂಟರು, ಯಾವುದೂ ಮೂರನೆಯೋರದ್ದಲ್ಲ. ಪಕ್ಕದ ಮನೆ ಕಾಂಪೌಂಡಿಗೆ ಗುದ್ದಿದ್ರೆ ಏಳೂವರೆ ಲಕ್ಷದವರೆಗೆ ಬರುತ್ತೆ.

ಬಷೀರಣ್ಣ: ಹಂಗಾದ್ರೆ ಗುದ್ದೋದಾದ್ರೆ ಪಕ್ಕದ ಮನೇದಕ್ಕೇ ಗುದ್ದೋಕೆ ಹೇಳಿ.

ರಾಯರು: ಅದರಲ್ಲೂ ಒಂದು ಗುಂಡಿ ಇದೆ. ಪಾಲಿಸಿ ಮಾಡಿಸುವಾಗ ಆ ಏಳೂವರೆ ಲಕ್ಷದ ಮಿತಿಯನ್ನ ಆರು ಸಾವಿರಕ್ಕೆ ಇಳಿಸಿಕೊಂಡ್ರೆ ವರ್ಷಕ್ಕೆ ನೂರು ರೂಪಾಯಿ ಉಳಿಯುತ್ತೆ. ಆನ್‌ಲೈನಲ್ಲಿ ಒಂದು ಪುಟ್ಟ ಟಿಕ್ಕು. ಟಿಪಿಪಿಡಿ ಅಂತ ಬರೆದಿರುತ್ತೆ.

ನಾಗರಾಜು ಮೆಲ್ಲಗೆ ಫೋನು ತೆಗೆದು ಪಾಲಿಸಿಯ ಪಿಡಿಎಫ್ ಹುಡುಕತೊಡಗಿದ.

ವಿಜಯಕ್ಕ: ಸಣ್ಣಪುಟ್ಟ ಗೀರು ಬಿದ್ರೆ ಕ್ಲೇಮ್ ಮಾಡೋದಾ ಬೇಡ್ವಾ, ಅದನ್ನ ಹೇಳಿ.

ರಾಯರು: ಹುಡುಗ ತಿನ್ನೋದೇ ಅಲ್ಲಿ, ನೋ ಕ್ಲೇಮ್ ಬೋನಸ್ಸನ್ನ, ಎನ್‌ಸಿಬಿ ಅಂತಾರೆ. ಕ್ಲೇಮ್ ಮಾಡದೇ ಇದ್ರೆ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಮೊದಲ ವರ್ಷ ಶೇ. 20 ಕಡಿತ, ಆಮೇಲೆ 25, 35, 45, ಐದನೇ ವರ್ಷ 50. ಒಂದು ಕ್ಲೇಮ್ ಮಾಡಿದೆಯೋ, ಹಾವು ಏಣಿ ಆಟದ ತೊಂಬತ್ತೆಂಟನೇ ಮನೆ ಹಾವು. ಸೀದಾ ಸೊನ್ನೆ.

ವಿಜಯಕ್ಕ ಸೀಮೆಸುಣ್ಣ ಸಿಗದೆ ಬಷೀರಣ್ಣನ ಪುಟ್ಟಿ ಡಬ್ಬಕ್ಕೆ ಕಡ್ಡಿ ಅದ್ದಿ ನೆಲದ ಮೇಲೆ ಬರೆಯಲು ಶುರುಮಾಡಿದರು.

ವಿಜಯಕ್ಕ: ಬೋನಸ್ ಇಲ್ಲದ ಪ್ರೀಮಿಯಂ ಎಂಟು ಸಾವಿರ ಅನ್ನಿ. ನಾಗರಾಜು ಬೋನಸ್ ಈಗ ಶೇ. ಐವತ್ತರಲ್ಲಿದೆ. ಕ್ಲೇಮ್ ಆದ ಮುಂದಿನ ವರ್ಷ ಪೂರ್ತಿ ಐವತ್ತು ಹೋಯ್ತು. ಅದರಾಚೆ ವರ್ಷ ಇಪ್ಪತ್ತು ಬರುತ್ತೆ, ಮೂವತ್ತು ಖೋತಾ. ಆಮೇಲಿನ ವರ್ಷಗಳ ಖೋತಾ ಇಪ್ಪತ್ತೈದು, ಹದಿನೈದು, ಐದು. ಒಟ್ಟು ನೂರ ಇಪ್ಪತ್ತೈದು. ಅಂದ್ರೆ ಒಂದು ಕ್ಲೇಮಿನ ಬೆಲೆ ಒಂದೂಕಾಲು ವರ್ಷದ ಪೂರ್ತಿ ಪ್ರೀಮಿಯಂ. ಹತ್ತು ಸಾವಿರ, ಶೇ. 18 ಜಿಎಸ್‌ಟಿ ಸೇರಿ 11,800. ಗಾಡಿ ಹಳೇದಾದ ಹಾಗೆ ಪ್ರೀಮಿಯಂ ಇಳಿಯುತ್ತೆ, ಅದಕ್ಕೆ ಸ್ವಲ್ಪ ಕಮ್ಮಿ ಹಿಡ್ಕೊಳ್ಳಿ. ಬಷೀರಣ್ಣ, ಹಿಂದಿನ ಬಂಪರ್ ಒಡೆದ್ರೆ ಎಷ್ಟಾಗುತ್ತೆ?

ಬಷೀರಣ್ಣ: ಸಣ್ಣ ಕಾರಿಗಾ? ಬಂಪರ್ ಐದು ಸಾವಿರ, ಪೇಂಟ್ ನಾಲ್ಕು ಸಾವಿರ, ಬಿಚ್ಚಿ ಹಾಕೋಕೆ ಐನೂರು ಅಂತ ಬರ್ಕೊಳ್ಳಿ.

ರಾಯರು: ಪ್ಲಾಸ್ಟಿಕ್ಕು, ರಬ್ಬರ್ರು, ಟೈರು, ಬ್ಯಾಟರಿಗೆ ಶೇ. 50 ಸವಕಳಿ ಕಳೀತಾರೆ. ಗಾಜಿಗೆ ಏನೂ ಇಲ್ಲ. ಪೇಂಟ್ ಬಿಲ್ಲಲ್ಲಿ ಕಾಲು ಭಾಗ ಬಣ್ಣದ ಸಾಮಾನು ಅಂತ ಹಿಡಿದು ಅದರಲ್ಲರ್ಧ ಕಳೀತಾರೆ. ಕೊನೇಲಿ ಕಡ್ಡಾಯ ಕಡಿತ, 1,500 ಸಿಸಿವರೆಗೆ ಸಾವಿರ ರೂಪಾಯಿ.

ವಿಜಯಕ್ಕ: ಬಂಪರಿಗೆ 2,500, ಪೇಂಟಿಗೆ 3,500, ಕೂಲಿ 500. ಆರೂವರೆ ಸಾವಿರ. ಸಾವಿರ ಕಳೆದ್ರೆ ಕಂಪನಿ ಕೊಡೋದು 5,500. ಅಷ್ಟಕ್ಕೆ ಹನ್ನೊಂದು ಸಾವಿರದ ಚಿಲ್ಲರೆ ಕಳ್ಕೋಬೇಕು!

ನಾಗರಾಜು: ಸವಕಳಿ ಕಳೆಯದ ಜೀರೋ ಡೆಪ್ ಇದ್ರೆ?

ವಿಜಯಕ್ಕ: ಆಗ 8,500 ಬರುತ್ತೆ. ಆದ್ರೂ ಗಿಟ್ಟಲ್ಲ. ಬಾಗಿಲು, ಫೆಂಡರ್, ಲೈಟು ಎಲ್ಲ ಸೇರಿ ಬಿಲ್ಲು ಇಪ್ಪತ್ತು ಸಾವಿರ ದಾಟಿದಾಗ ಯೋಚನೆ ಮಾಡು.

ರಾಯರು: ಹೊಸ ಡ್ರೈವರ್ ಇರೋ ಮನೇಲಿ ಎನ್‌ಸಿಬಿ ಪ್ರೊಟೆಕ್ಟ್ ಅಂತ ಒಂದು ಆಡ್-ಆನ್ ಹಾಕಿಸೋದು ಒಳ್ಳೇದು. ಎಷ್ಟು ಕ್ಲೇಮ್‌ವರೆಗೆ ಬೋನಸ್ ಉಳಿಯುತ್ತೆ ಅಂತ ಓದಿ ಹಾಕಿಸು, ಕಂಪನಿಗೊಂದು ಥರ. 'ಕಾರನ್ನೇ ಮಗನ ಹೆಸರಿಗೆ ಮಾಡ್ತೀನಿ, ಬೋನಸ್ಸೂ ಅವನಿಗೆ ಹೋಗುತ್ತೆ' ಅಂತ ಲೆಕ್ಕ ಹಾಕಬೇಡ. ಬೋನಸ್ ಇರೋದು ಮಾಲೀಕನಿಗೆ, ಗಾಡಿಗಲ್ಲ. ಅಪ್ಪ ತೀರಿಕೊಂಡ್ರೆ ವಾರಸುದಾರನಿಗೆ ಬರುತ್ತೆ, ಬದುಕಿರೋವಾಗ ಇಲ್ಲ.

ನಾಗರಾಜು: ಈ ವಿಷಯ ಮನೇಲಿ ಹೇಳಬೇಡಿ ಸ್ವಾಮಿ.

ರಾಯರು: ಹೇಳಬೇಕಾದ್ದು ಬೇರೆ ಇದೆ. ಪಾಲಿಸಿಯಲ್ಲಿ ಹದಿನೈದು ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುತ್ತಲ್ಲ, ಅದು ಮಾಲೀಕನಿಗೆ ಮಾತ್ರ. ಮಗ ಓಡಿಸ್ತಿದ್ದು ಅವನಿಗೇ ಏಟಾದ್ರೆ ಅದರಿಂದ ಬರಲ್ಲ. ಅವನ ಹೆಸರಲ್ಲಿ ಬೇರೆ ಅಪಘಾತ ಪಾಲಿಸಿ ಮಾಡಿಸು. ಬಂಪರಿಗೆ ಇಷ್ಟು ಲೆಕ್ಕ ಹಾಕಿದ್ರಿ, ಹುಡುಗನ ಮೂಳೆಗೆ ಯಾರೂ ಕೇಳಲೇ ಇಲ್ಲ.

ಒಂದು ಕ್ಷಣ ಎಲ್ಲರೂ ಪುಟ್ಟಿಯ ಅಂಕಿಗಳನ್ನೇ ನೋಡಿದರು.

ಬಷೀರಣ್ಣ: ರೀಲ್ಸ್ ಮಾಡೋ ಹುಡುಗ್ರು ಹೆದ್ದಾರೀಲಿ ರೇಸ್ ಕಟ್ತಾರಲ್ಲ, ಅದಕ್ಕೆ?

ರಾಯರು: ರೇಸು, ಸ್ಪೀಡ್ ಟೆಸ್ಟು, ಬಾಡಿಗೆಗೆ ಬಿಡೋದು, ಮೂರೂ ಪಾಲಿಸಿಯ ಹೊರಗೆ. ವಿಡಿಯೋ ಸಾಕ್ಷಿ ಅವರೇ ಅಪ್‌ಲೋಡ್ ಮಾಡಿರ್ತಾರೆ, ಸರ್ವೇಯರಿಗೆ ಪೆಟ್ರೋಲ್ ಉಳಿಯಿತು. ಕುಡಿದು ಓಡಿಸಿದ್ರಂತೂ ಮಾತೇ ಇಲ್ಲ.

ಬಷೀರಣ್ಣ: ನಂದೊಂದು ಸೇರಿಸ್ಕೊಳ್ಳಿ. ಮಳೇಲಿ ಅಂಡರ್‌ಪಾಸ್ ನೀರಿಗೆ ಇಳಿದು ಗಾಡಿ ಆಫ್ ಆದ್ರೆ ಮತ್ತೆ ಸ್ಟಾರ್ಟ್ ಹೊಡೀಬಾರ್ದು. ಸಿಲಿಂಡರಿಗೆ ನೀರು ನುಗ್ಗಿರುತ್ತೆ, ಪಿಸ್ಟನ್ ಅದನ್ನ ಒತ್ತೋಕಾಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಇಂಜಿನ್ ಪ್ರೊಟೆಕ್ಟ್ ಆಡ್-ಆನ್ ಹಾಕಿಸದೇ ಇದ್ರೆ ಅದು ನಿಮ್ಮ ತಪ್ಪಿನಿಂದ ಆಗಿದ್ದು ಅಂತ ಕಂಪನಿ ಕಳಚಿಕೊಳ್ಳುತ್ತೆ. ತಳ್ಳಿ ಪಕ್ಕಕ್ಕೆ ಹಾಕಿ, ಟೋ ಮಾಡಿಸಿ.

ರಾಯರು: ಎಲ್ಲಿ ಏನಾದ್ರೂ ಮೊದಲು ನಾಲ್ಕೂ ಕಡೆ ಫೋಟೋ, ನಂಬರ್ ಪ್ಲೇಟ್ ಕಾಣೋ ಹಾಗೆ. ಯಾರಿಗಾದ್ರೂ ಏಟಾಗಿದ್ರೆ ಆಸ್ಪತ್ರೆ, ಪೊಲೀಸು. ಅದೇ ದಿನ ಕಂಪನಿಗೆ ಫೋನು. ಸರ್ವೇ ಆಗೋವರೆಗೆ ಬಷೀರಣ್ಣನ ಸುತ್ತಿಗೆ ತಾಗಿಸಬೇಡ. ನಾಗರಾಜು, ಯಾಕಯ್ಯ ಮುಖ ಹೀಗಾಯ್ತು?

ನಾಗರಾಜು: ಟಿಪಿಪಿಡಿ ಮುಂದೆ... ಆರು ಸಾವಿರ ಅಂತಿದೆ.

ವಿಜಯಕ್ಕ: ರಿನ್ಯೂವಲ್ ಯಾವಾಗ?

ನಾಗರಾಜು: ಮುಂದಿನ ತಿಂಗಳು ಹನ್ನೆರಡಕ್ಕೆ.

ರಾಯರು: ಅಲ್ಲೀವರೆಗೆ ಹುಡುಗನನ್ನ ಬಯಲಲ್ಲಿ ಕಲಿಸು, ಕಾಂಪೌಂಡ್ ಇಲ್ಲದ ಕಡೆ.

ಬಷೀರಣ್ಣ: ನೂರು ರೂಪಾಯಿ ಉಳಿಸಿದ್ರಲ್ಲ ಸಾರ್, ಕಾಫಿ ದುಡ್ಡು ಅದರಲ್ಲೇ ಕೊಡಿ.