ವ್ಯಾಟ್‌ಗೆ 880 ಆಂಪಿಯರ್ ಎಲ್ಲಿಂದ ಬಂತು?

ತೊಗರಿಕಣಜ (ಕಲಬುರಗಿ):
ನಮಸ್ಕಾರ. ನಾನು ಎಂ.ಎಸ್ಸಿ. ಫಿಸಿಕ್ಸ್ ಕೊನೆ ವರ್ಷ. ಬರೋ ಗುರುವಾರ ಸೆಮಿನಾರ್ ಇದೆ. ವಿಷಯ: ಮಾಲಿಬ್ಡಿನಮ್ ಡೈಸಲ್ಫೈಡಿನ ಒಂದೇ ಪದರದ ಫೋಟೋಟ್ರಾನ್ಸಿಸ್ಟರ್, ಅಂದರೆ ಬೆಳಕು ಬಿದ್ದರೆ ಹೆಚ್ಚು ಕರೆಂಟ್ ಹರಿಸುವ ಟ್ರಾನ್ಸಿಸ್ಟರ್. ಪದರದ ದಪ್ಪ ಸುಮಾರು 0.65 ನ್ಯಾನೋಮೀಟರ್. ಅಪ್ಪನ ಗ್ಯಾರೇಜು ಹುಮನಾಬಾದ್ ರಿಂಗ್ ರೋಡಲ್ಲಿದೆ. ಅಲ್ಲಿ ಕಾರಿನ ಆಕ್ಸಲ್ ಜಾಯಿಂಟಿಗೆ ತುಂಬುವ ಕಪ್ಪು ಗ್ರೀಸಿನಲ್ಲೂ ಇದೇ ವಸ್ತು ಅಂತ ಗೊತ್ತಾದ ದಿನದಿಂದ ಇದು ತಲೆಯಲ್ಲಿ ಕೂತಿದೆ.

ಸಿಕ್ಕಿಕೊಂಡಿದ್ದು ಇಲ್ಲಿ. 2013ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್‌ನ ಸಂಶೋಧಕರು 561 ನ್ಯಾನೋಮೀಟರ್ ಬೆಳಕಿಗೆ ವ್ಯಾಟ್‌ಗೆ 880 ಆಂಪಿಯರ್ (ಬಿದ್ದ ಬೆಳಕಿನ ಪ್ರತಿ ವ್ಯಾಟಿಗೆ ಸಿಗುವ ಕರೆಂಟು) ಬಂತು ಅಂತಾರೆ. ಒಂದು ಫೋಟಾನಿಗೆ ಒಂದು ಎಲೆಕ್ಟ್ರಾನ್ ಅಂತ ಹಿಡಿದರೆ ವ್ಯಾಟ್‌ಗೆ 0.45 ಆಂಪಿಯರ್ ದಾಟಬಾರದು. ಮೂರು ಸಲ ಲೆಕ್ಕ ಮಾಡಿದೆ, ಅಷ್ಟೇ ಬರುತ್ತದೆ. ಅದೂ ಇಷ್ಟು ತೆಳು ಪದರದಲ್ಲಿ ಬಹುಪಾಲು ಬೆಳಕು ಸುಮ್ನೆ ದಾಟಿಹೋಗುತ್ತೆ ಅಲ್ವಾ?

(ಗ್ರೀಸನ್ನೇ ಗಾಜಿನ ಮೇಲೆ ಸವರಿ, ಮಲ್ಟಿಮೀಟರ್ ಹಿಡಿದು ಟಾರ್ಚ್ ಬಿಟ್ಟೆ. ಏನೂ ಆಗಲಿಲ್ಲ. ಅಪ್ಪ ನಕ್ಕರು.)

ಬೀದರ್ ಬೆಳಕು:
ತಮ್ಮಾ, ಗ್ರೀಸು ಬಿಡು. ಅದರಲ್ಲಿರೋದು ಎಷ್ಟೋ ಪದರ ಅಂಟಿಕೊಂಡ ಪುಡಿ, ಸುತ್ತ ಎಣ್ಣೆ. ಕರೆಂಟಿಗೆ ದಾರಿಯೇ ಇಲ್ಲ.

ನಿನ್ನ 0.45 ಸರಿಯಾಗಿದೆ. ಆದರೆ ಫೋಟಾನ್ ಬಿದ್ದಾಗ ಎಲೆಕ್ಟ್ರಾನ್ ಜೊತೆ ಒಂದು ಹೋಲ್ (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ, ಧನ ಚಾರ್ಜಿನ ಹಾಗೆ ವರ್ತಿಸುತ್ತದೆ) ಕೂಡ ಹುಟ್ಟುತ್ತದೆ, ಅದನ್ನು ಮರೆತೆ. ಆ ಹೋಲ್ ಪದರದ ದೋಷದಲ್ಲೋ, ಕೆಳಗಿನ ಸಿಲಿಕಾನ್ ಆಕ್ಸೈಡಿನ ಅಂಚಿನಲ್ಲೋ ಸಿಕ್ಕಿಬೀಳುತ್ತದೆ. ಅದು ಅಲ್ಲಿ ಕೂತಷ್ಟು ಹೊತ್ತೂ ಒಂದು ಎಲೆಕ್ಟ್ರಾನ್ ಡ್ರೇನ್ (ಎಲೆಕ್ಟ್ರಾನ್ ಹೊರಹೋಗುವ ತುದಿ) ಕಡೆ ಹೊರಬಿದ್ದರೆ ಸೋರ್ಸಿನಿಂದ (ಒಳಬರುವ ತುದಿ) ಇನ್ನೊಂದು ಒಳಗೆ ಬರುತ್ತದೆ. ರೈಲ್ವೆ ಗೇಟ್ ಎತ್ತಿಟ್ಟು ಗೇಟ್‌ಮ್ಯಾನ್ ಚಹಾ ಕುಡಿಯಲು ಹೋದ ಹಾಗೆ. ಎತ್ತಿದ್ದು ಒಂದೇ ಸಲ, ದಾಟಿದ ಗಾಡಿ ಸಾವಿರ. ಆ ಹೆಚ್ಚಿನ ಕರೆಂಟು ಬೆಳಕು ಕೊಟ್ಟಿದ್ದಲ್ಲ, ನೀನು ಜೋಡಿಸಿದ ಬ್ಯಾಟರಿ ಕೊಟ್ಟಿದ್ದು.

ಯಾದಗಿರಿ ಅಕ್ಕ:
ಗೇಟಿನ ಮಾತು ಚೆನ್ನಾಗಿದೆ ಅಣ್ಣಾ, ಆದರೆ ಗೇಟ್ ಬೇಗ ಇಳಿಯಲ್ಲ ಅನ್ನೋದನ್ನು ಹೇಳಲೇ ಇಲ್ಲ. ಬೆಳಕು ಆರಿದ ಮೇಲೂ ಕರೆಂಟ್ ಇಳಿಯಲು ಸೆಕೆಂಡುಗಟ್ಟಲೆ ಬೇಕು. ವಿಡಿಯೋ ಕ್ಯಾಮೆರಾಗೆ ಇದು ಆಗಿಬರಲ್ಲ. ಇನ್ನೊಂದು, ಆ 880 ಬಂದಿದ್ದು ಬರೀ 150 ಪಿಕೋವ್ಯಾಟ್ ಬೆಳಕಿನಲ್ಲಿ. ಬೆಳಕು ಜಾಸ್ತಿ ಮಾಡಿದರೆ ಹೋಲ್ ಸಿಕ್ಕಿಬೀಳುವ ಜಾಗಗಳು ತುಂಬಿ ಅಂಕಿ ಕುಸಿಯುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಹಿಡಿದು 880 ಅನ್ನಬೇಡ ಮತ್ತೆ. ಸ್ಲೈಡಿನಲ್ಲಿ ದೊಡ್ಡ ಅಂಕಿ ಹಾಕಿ ಇದನ್ನು ಬಿಟ್ಟುಬಿಡೋರನ್ನು ಕಂಡರೆ ನನಗೆ ಸಿಟ್ಟು.

ಅದಕ್ಕೂ ಮೊದಲು ಸಿಂಗಪುರದ ಸಂಶೋಧಕರು ಇದೇ ತರಹದ ಟ್ರಾನ್ಸಿಸ್ಟರಿನಲ್ಲಿ ಪಡೆದಿದ್ದು ವ್ಯಾಟ್‌ಗೆ 7.5 ಮಿಲಿಆಂಪಿಯರ್ ಅಷ್ಟೇ. ಆದರೆ ಸುಮಾರು 50 ಮಿಲಿಸೆಕೆಂಡಿನಲ್ಲಿ ಆನ್ ಆಫ್ ಆಗುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸು.

ತೊಗರಿಕಣಜ:
ಹಾಗಾದರೆ ಎಲ್‌ಡಿಆರ್ (ಬೆಳಕು ಬಿದ್ದರೆ ರೋಧ ಕಡಿಮೆಯಾಗುವ ಬಿಡಿಭಾಗ) ತರಹವೇ ಆಯ್ತಲ್ಲ ಅಕ್ಕ? ಈಗಷ್ಟೇ ಡಬ್ಬಿಯಿಂದ ಒಂದು ತೆಗೆದು ನೋಡಿದೆ. ಟಾರ್ಚ್ ಆರಿಸಿ ಅಂಗೈಯಲ್ಲಿ ಮುಚ್ಚಿದರೆ ಮೀಟರಿನಲ್ಲಿ ಕಿಲೋಓಮ್ ಏರ್ತಾನೇ ಇರುತ್ತೆ, ನಿಲ್ಲೋದೇ ಇಲ್ಲ.

ಯಾದಗಿರಿ ಅಕ್ಕ:
ಅದೇ ಜಾತಿ. ಆದರೆ ಲೊಸಾನ್‌ನವರು ಗೇಟಿಗೆ (ರೈಲ್ವೆಯದಲ್ಲ, ಟ್ರಾನ್ಸಿಸ್ಟರಿನ ಕರೆಂಟನ್ನು ನಿಯಂತ್ರಿಸುವ ಮೂರನೇ ಕಾಲು) ಒಂದು ಪಲ್ಸ್ ಕೊಟ್ಟು ಉಳಿದ ಕರೆಂಟನ್ನು ಬೇಗ ಇಳಿಸಿದರು. ಎಲ್‌ಡಿಆರ್‌ಗೆ ಆ ಮೂರನೇ ಕಾಲಿಲ್ಲ.