ಎರಡೇ ಓಣಿಗೆ ವಾಂತಿ-ಭೇದಿ, ಮೂಲ ಹುಡುಕುವುದು ಹೇಗೆ?

ಕಾಲುವೆದಂಡೆ:
ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಜೋರು ಮಳೆ ಆದ ಮೇಲೆ ಊರಲ್ಲಿ ವಾಂತಿ-ಭೇದಿ ಶುರುವಾಗಿದೆ. ಜಾಸ್ತಿ ಜನ ಮೇಲಿನ ಓಣಿ ಮತ್ತು ಗುಡಿ ಹಿಂದಿನ ಓಣಿಯವರು. ಆಸ್ಪತ್ರೆಯವರು ಬಂದು ಓಆರ್‌ಎಸ್ ಕೊಡುತ್ತಿದ್ದಾರೆ. ಟ್ಯಾಂಕ್ ನೀರು ಚೆನ್ನಾಗಿದೆ ಎಂದು ರಿಪೋರ್ಟ್ ಬಂದಿದೆ. ಕೆಲವರು ಜಾತ್ರೆ ಊಟದ ಮೇಲೆ ಹಾಕುತ್ತಿದ್ದಾರೆ. ಎಲ್ಲಿಂದ ಹುಡುಕಲಿ?

ಹಳೇ ಇನ್ಸ್‌ಪೆಕ್ಟರ್:
ಮೇಡಂ, ಟ್ಯಾಂಕ್ ಪರೀಕ್ಷೆ ಮಾಡಿದರೆ ಟ್ಯಾಂಕ್ ವಿಷಯ ಮಾತ್ರ ಗೊತ್ತಾಗುತ್ತದೆ. ಆರೋಗ್ಯ ಇಲಾಖೆಯಲ್ಲಿದ್ದಾಗ ನಾನು ಮೊದಲು ಹುಡುಕುತ್ತಿದ್ದುದು ನೀರುಗಂಟಿಯನ್ನು. ಯಾವ ವಾಲ್ವ್ ತಿರುಗಿಸಿದರೆ ಯಾವ ಓಣಿಗೆ ನೀರು, ಪೈಪು ಎಲ್ಲಿ ಚರಂಡಿಯೊಳಗೇ ಹಾದಿದೆ, ಇತ್ತೀಚೆಗೆ ಎಲ್ಲಿ ರಿಪೇರಿ ಆಯಿತು, ಎಲ್ಲಾ ಅವನ ತಲೆಯಲ್ಲೇ ಇರುತ್ತದೆ. ಬೈದರೆ ಬಾಯಿ ಬಿಡುವುದಿಲ್ಲ. ಚಹಾ ಕುಡಿಸಿ ಕೇಳಿ.

ಆಮೇಲೆ ಆಶಾ ಜೊತೆ ಮನೆ ಮನೆಗೆ ಹೋಗಿ. ಯಾರಿಗೆ, ಯಾವತ್ತು, ಎಷ್ಟು ಹೊತ್ತಿಗೆ ಶುರುವಾಯಿತು, ಯಾವ ನೀರು ಕುಡಿದರು, ಜಾತ್ರೆಯಲ್ಲಿ ಉಂಡರಾ, ಬರೆದುಕೊಳ್ಳಿ. ಆರಾಮಾಗಿರುವ ಮನೆಗಳನ್ನೂ ಕೇಳಲೇಬೇಕು. ಉಂಡು ಬಂದ ಕೆಳಗಿನ ಓಣಿಯವರು ಚೆನ್ನಾಗಿದ್ದು, ಜಾತ್ರೆಗೇ ಹೋಗದ ಮೇಲಿನ ಓಣಿಯ ಅಜ್ಜಿ ಮಲಗಿದ್ದರೆ ಊಟದ ಮೇಲಿನ ಅನುಮಾನ ಸಡಿಲವಾಗುತ್ತದೆ, ಅಲ್ವಾ?

ನಮ್ಮಲ್ಲಿ ನೀರು ದಿನವಿಡೀ ಬರುವುದಿಲ್ಲ. ನಿಂತಾಗ ಪೈಪು ಖಾಲಿಯಾಗಿ, ಒಡಕಿದ್ದ ಕಡೆ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಆ ಓಣಿಯ ಕೊನೆ ನಲ್ಲಿಯಲ್ಲಿ, ನೀರು ಬಿಟ್ಟ ಕೂಡಲೇ ಬರುವ ನೀರನ್ನೂ ಹಿಡಿಯಿರಿ.

ಲ್ಯಾಬ್ ಹುಡುಗಿ:
ಸರ್ ಹೇಳಿದ್ದು ಸರಿ. ಆದರೆ ಬ್ಲೀಚಿಂಗ್ ಪೌಡರ್ ಸುರಿದ ಮೇಲೆ ತಂದ ನೀರಿನಲ್ಲಿ ನಮಗೆ ಏನೂ ಸಿಗದೇ ಹೋಗಬಹುದು. ಮೊದಲು ಸ್ಯಾಂಪಲ್, ತಕ್ಷಣ ಕ್ಲೋರಿನ್. ಬಾಟಲಿ ಲ್ಯಾಬಿನಿಂದಲೇ ತನ್ನಿ. ಕ್ಲೋರಿನ್ ಇರುವ ನೀರಿಗೆ ಆ ಕ್ಲೋರಿನ್ ಕೆಲಸ ನಿಲ್ಲಿಸುವ ಸೋಡಿಯಂ ಥಯೋಸಲ್ಫೇಟ್ ಹಾಕಿದ ಬಾಟಲಿ ಬೇಕು. ಮಲದ ಸ್ಯಾಂಪಲನ್ನು ಆಂಟಿಬಯೋಟಿಕ್ ಕೊಡುವ ಮೊದಲೇ ತೆಗೆಯುವುದು ಒಳ್ಳೆಯದು.

ಕ್ಲೋರಿನ್ ಅಂಕಿ ಬರೆಯುವ ರಿಜಿಸ್ಟರ್ ನಂಬಬೇಡಿ. ಕೆನಡಾದ ವಾಕರ್ಟನ್‌ನಲ್ಲಿ 2000ದ ಮೇ ತಿಂಗಳ ಮಳೆಗೆ ಗೊಬ್ಬರದ ನೀರು ಬಾವಿ ಸೇರಿ 7 ಜನ ಸತ್ತರು. ಅಲ್ಲಿ ಕ್ಲೋರಿನ್ ಅಂಕಿಗಳನ್ನು ಸುಮ್ನೆ ಬರೆದಿಡುತ್ತಿದ್ದರು. ಕೊನೆ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿದೆಯಾ, ನೀವೇ ನೋಡಿ.

ಕಾಲುವೆದಂಡೆ:
ಎರಡೂ ಓಣಿಗೆ ಒಂದೇ ವಾಲ್ವ್ ಅಂತೆ! ಗುಡಿ ಹಿಂದೆ ಚರಂಡಿ ತೋಡುವಾಗ ಜೆಸಿಬಿ ಪೈಪಿಗೆ ತಾಗಿತ್ತಂತೆ. ಸೈಕಲ್ ಟ್ಯೂಬ್ ಸುತ್ತಿ ಮಣ್ಣು ಮುಚ್ಚಿದ್ದಾರೆ. ಸ್ಯಾಂಪಲ್ ಹಿಡಿದು ಲೈನ್ ಬಂದ್ ಮಾಡಿಸಿದ್ದೇನೆ, ನಾಳೆ ಅಗೆಸುತ್ತೇವೆ. ಟ್ಯಾಂಕರ್ ನೀರು ಔಷಧಿ ವಾಸನೆ ಹೊಡೆಯುತ್ತದೆ ಎಂದು ಜನ ಬೈಯುತ್ತಿದ್ದಾರೆ. ಬೈಯಲಿ.